ಬಿಟ್ಟು ಹೋಗುವುದೂ ಒಪ್ಪಿಸಿ ಹೋಗುವುದೂ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನಗೆ ತಿಳಿಸಿದಾಗ, ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತು ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬಹುದು. ಬಹುಕಾಲ ಆ ಶಾಸ್ತ್ರಗಳನ್ನೇ ಪಾಠ ಹೇಳಿದವನಿಗೆ ಅದು ಸುಲಭವೂ ಆಗುತ್ತಿತ್ತು. ಆದರೆ ಈ ಸಲ ನಾನು ಆಯ್ದುಕೊಂಡಿರುವ ವಿಷಯವು ನಾಯಿಯದು; ಅದರಲ್ಲಿಯೂ ಚಳಿಗಾಲದಲ್ಲಿ ಮನೆಮಂದಿಯೆಲ್ಲರೂ ಪರಸ್ಥಳಕ್ಕೆ ಹೊರಟುಹೋದಾಗ ಮನೆಯಲ್ಲಿ ಉಳಿಯುವ ಸಾಕುನಾಯಿಯದು. ಇದು ವಿದ್ವತ್ತಿಗೆ ತಕ್ಕ ವಿಷಯವಲ್ಲವೆಂದು ಯಾರಾದರೂ ನಗುವುದಾದರೆ ನಗಲಿ. ಈ ವಿಷಯದಲ್ಲಿ ನಾನು ಒಮ್ಮೆ ತಪ್ಪಿ ನಡೆದಿದ್ದೇನೆ. ಆ ತಪ್ಪನ್ನು ತಿದ್ದಿದವನು ಏಳನೆಯ ತರಗತಿಯ ಒಬ್ಬ ವಿದ್ಯಾರ್ಥಿ. ಕಲಿಸುವವನು ಕಲಿತದ್ದನ್ನು ಶಾಲೆಯ ಸಂಚಿಕೆಯಲ್ಲಲ್ಲದೆ ಮತ್ತೆಲ್ಲಿ ಹೇಳಿಕೊಳ್ಳಬೇಕು?

ನಮ್ಮ ವಿಜಯಪುರ, ಬೀದರ, ಕಲಬುರ್ಗಿಗಳ ಸೀಮೆಯಲ್ಲಿ ಬೇಸಗೆಯ ಬಿಸಿಲನ್ನು ಕುರಿತು ಮಾತನಾಡುವವರು ಬಹಳ. ಚಳಿಯನ್ನು ಕುರಿತು ಮಾತನಾಡುವವರು ಕಡಮೆ. ಆದರೂ ಮಾರ್ಗಶಿರ ಪುಷ್ಯಗಳಲ್ಲಿ ಆಕಾಶವು ನಿರ್ಮಲವಾಗಿ, ಹಗಲಿನ ಕಾವೆಲ್ಲವೂ ರಾತ್ರಿಯಲ್ಲಿ ಹಾರಿಹೋಗಿ, ಕೆಲವು ದಿನ ಬೆಳಗಿನ ಜಾವದ ಉಷ್ಣತೆಯು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು. ಇದೇ ಕಾಲಕ್ಕೆ ಸರಿಯಾಗಿ ನಮ್ಮ ಪ್ರಯಾಣಗಳೂ ಹೆಚ್ಚು. ಸಂಕ್ರಮಣದ ಜಾತ್ರೆ, ಪುಣ್ಯಕ್ಷೇತ್ರದ ಯಾತ್ರೆ, ಬೀಗರ ಮನೆಯ ಕಾರ್ಯ, ಸುಗ್ಗಿಯ ನಡುವಿನ ಬಿಡುವು, ಇವೆಲ್ಲವೂ ಒಂದರ ಮೇಲೊಂದು ಬರುತ್ತವೆ. ಮನೆಗೆ ಬೀಗ ಬೀಳುತ್ತದೆ. ಬೀಗದ ಜೊತೆಗೆ ಇನ್ನೊಂದು ಬೀಗವೆಂಬಂತೆ ಹಿತ್ತಿಲಿನಲ್ಲಿ ನಾಯಿಯನ್ನು ಕಟ್ಟಿ ಹೋಗುವ ರೂಢಿಯು ನಮ್ಮಲ್ಲಿದೆ. ಕಬ್ಬಿಣದ ಬೀಗಕ್ಕೆ ಹಸಿವಿಲ್ಲ, ಚಳಿಯಿಲ್ಲ. ಜೀವವುಳ್ಳ ಬೀಗಕ್ಕೆ ಇವೆರಡೂ ಇವೆಯೆಂಬುದನ್ನು ನಾವು ಮರೆಯುತ್ತೇವೆ.

ನಾನು ಮರೆತದ್ದನ್ನೇ ಮೊದಲು ಹೇಳುವೆನು. ಕೆಲವು ವರ್ಷಗಳ ಹಿಂದೆ ಪುಷ್ಯಮಾಸದಲ್ಲಿ ಹಿರಿಯ ಮಗಳ ಕುಬಸಕ್ಕೆಂದು ನಾವೆಲ್ಲರೂ ಬೀಗರ ಊರಿಗೆ ಹೊರಟೆವು. ಮನೆಯಲ್ಲಿ ಕರಿಯನೆಂಬ ನಾಯಿಯಿದ್ದಿತು. ಮುಧೋಳದ ತಳಿ ಬೆರೆತ, ಉದ್ದ ಕಾಲಿನ, ಬಡಕಲು ಮೈಯ ನಾಯಿ. ಒಂಬತ್ತು ವರ್ಷ ವಯಸ್ಸು. ಹಿತ್ತಿಲಿನ ಕಂಬಕ್ಕೆ ಸರಪಳಿ, ಎರಡು ಗೋಣಿಚೀಲ, ಒಂದು ಮಣ್ಣಿನ ಬೋಗುಣಿ ತುಂಬ ನೀರು, ಇಷ್ಟು ಏರ್ಪಾಡು. ನೆರೆಮನೆಯ ಹುಡುಗನನ್ನು ಕರೆದು, “ನಾಲ್ಕು ದಿನ ರೊಟ್ಟಿ ಹಾಲು ಹಾಕಪ್ಪ” ಎಂದು ಹೇಳಿ, ಹೊರಗಿನ ಬಾಗಿಲಿಗೆ ಬೀಗ ಹಾಕಿ, ಕೀಲಿಕೈಯನ್ನು ಜೇಬಿಗಿಳಿಸಿ ನಡೆದೆನು. ಹುಡುಗನು ತನ್ನ ಮನೆಯ ಹಿತ್ತಿಲಿನ ಗೋಡೆಯನ್ನು ಹತ್ತಿ ಇಳಿದು ಬರಬೇಕಾಗಿದ್ದಿತು. ಅದು ನನಗೆ ಅನುಚಿತವೆಂದು ತೋರಲಿಲ್ಲ.

ಕುಬಸವು ಸಾಂಗವಾಗಿ ನೆರವೇರಿತು. ಜಾತ್ರೆಯನ್ನು ಮುಗಿಸಿಕೊಂಡೇ ಹೋಗಬೇಕೆಂದು ಬೀಗರು ಒತ್ತಾಯಮಾಡಿದರು. ನಾಲ್ಕು ದಿನ ಏಳಾಯಿತು. ದೂರವಾಣಿಯು ಕೈಯಲ್ಲಿಯೇ ಇದ್ದಿತು. ಆದರೆ ಬೀಗರೆದುರಿಗೆ ಕುಳಿತು ನಾಯಿಯ ಊಟದ ಸಲುವಾಗಿ ಪರವೂರಿಗೆ ಮಾತನಾಡುವುದು ಪಂಡಿತನಾದವನಿಗೆ ಲಘುವೆಂದು ಅನಿಸಿತು. ಆ ಸಂಕೋಚದ ಬೆಲೆಯನ್ನು ತೆತ್ತದ್ದು ನಾನಲ್ಲ.

ಎಂಟನೆಯ ದಿನ ನಸುಕಿನಲ್ಲಿ ಬಸ್ಸಿಳಿದು ಮನೆಗೆ ಬಂದರೆ ಬೊಗಳುವ ಸದ್ದಿಲ್ಲ. ಹಿತ್ತಿಲಿಗೆ ಹೋಗಿ ನೋಡಿದೆನು. ಸರಪಳಿಯು ಕಂಬಕ್ಕೆ ಸುತ್ತಿಕೊಂಡು ಮೊಳದುದ್ದವಾಗಿದ್ದಿತು. ಬೋಗುಣಿಯು ಉರುಳಿ, ನೀರೆಲ್ಲವೂ ಗೋಣಿಚೀಲದಲ್ಲಿ ಇಂಗಿ, ಅದು ಮಂಜುಗಡ್ಡೆಯಂತೆ ತಣ್ಣಗಾಗಿದ್ದಿತು. ಕರಿಯನು ಬರಿಯ ಹಾಸುಗಲ್ಲಿನ ಮೇಲೆ ಮುದುಡಿ ಬಿದ್ದಿದ್ದನು. ಬಾಲದ ತುದಿಯು ಮಾತ್ರ ಒಮ್ಮೆ ಅಲುಗಿತು. ಮೈ ನಡುಗುತ್ತಿರಲಿಲ್ಲ, ನಡುಗದಿರುವುದು ಒಳ್ಳೆಯ ಲಕ್ಷಣವೆಂದು ನಾನು ತಿಳಿದೆನು. ಅದೇ ಕೆಟ್ಟ ಲಕ್ಷಣವೆಂದು ಆಮೇಲೆ ಪಶುವೈದ್ಯರು ಹೇಳಿದರು. ಗೋಡೆಯ ಬುಡದಲ್ಲಿ ರೊಟ್ಟಿಯ ಚೂರುಗಳು ಬಿದ್ದಿದ್ದವು. ಹಿಂದಿನ ಓಣಿಯ ಮುದುಕಿಯೊಬ್ಬಳು ಅದರ ಅಳುವನ್ನು ಕೇಳಲಾರದೆ ಎರಡು ದಿನ ಗೋಡೆಯ ಮೇಲಿನಿಂದ ಎಸೆದಿದ್ದಳಂತೆ. ಸರಪಳಿಯು ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲ. ಬಾಗಿಲು ತೆರೆಯೋಣವೆಂದರೆ ಕೀಲಿಕೈಯು ನನ್ನ ಜೇಬಿನಲ್ಲಿ ಜಾತ್ರೆ ನೋಡುತ್ತಿದ್ದಿತು.

ನಾಯಿ ಬದುಕಿತು. ಶ್ವಾಸಕೋಶಕ್ಕೆ ನೆಗಡಿಯಿಳಿದು ಹದಿನೈದು ದಿನ ಔಷಧೋಪಚಾರ ನಡೆಯಿತು. ಈ ನಡುವೆ ನಾನು ಆ ಹುಡುಗನನ್ನು ಕರೆದು ಗದರಿಸಿದೆನು. ಅವನು ಅಳಲಿಲ್ಲ, ನೆಟ್ಟಗೆ ನಿಂತು ಹೇಳಿದನು: “ಗುರುಗಳ, ನೀವು ನಾಲ್ಕ ದಿನಾ ಅಂದಿದ್ರಿ. ನಾಲ್ಕೂ ದಿನಾ ಹಾಕೇನ್ರಿ. ಐದನೇ ದಿನಾ ನಾವೂ ಜಾತ್ರಿಗೆ ಹೋದ್ವಿ. ಐದನೇ ದಿನಾ ಏನ್ ಮಾಡ್ಬೇಕಂತ ನೀವು ಹೇಳಿದ್ದಿಲ್ರಿ.” ಆ ಮಾತಿಗೆ ಎದುರುತ್ತರವಿರಲಿಲ್ಲ. ಲಕ್ಷಣವಾಕ್ಯದಲ್ಲಿ ಅವ್ಯಾಪ್ತಿದೋಷವಿದ್ದರೆ ಅದು ವಾಕ್ಯವನ್ನು ರಚಿಸಿದವನ ದೋಷವೇ ಹೊರತು ಓದಿದವನದಲ್ಲವೆಂದು ತರಗತಿಯಲ್ಲಿ ನಾನೇ ಹೇಳುತ್ತಿದ್ದೆನು.

ಅಂದಿನಿಂದ ನನ್ನ ಮನಸ್ಸಿನಲ್ಲಿ ನೆಲೆಗೊಂಡಿರುವ ವಿಚಾರವಿಷ್ಟೆ: ಬಿಟ್ಟು ಹೋಗುವುದು ಬೇರೆ, ಒಪ್ಪಿಸಿ ಹೋಗುವುದು ಬೇರೆ. ಎರಡು ಮುಷ್ಟಿ ಅನ್ನದ ಏರ್ಪಾಡು ಮಾಡಿದ ಮಾತ್ರಕ್ಕೆ ಒಪ್ಪಿಸಿದಂತಾಗುವುದಿಲ್ಲ. ನಮ್ಮ ಧರ್ಮಶಾಸ್ತ್ರಗಳು ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವನ್ನೂ ಒಂದಾಗಿ ಎಣಿಸಿವೆ. ಒಬ್ಬನ ವಸ್ತುವನ್ನು ಇನ್ನೊಬ್ಬನು ಇಟ್ಟುಕೊಂಡು ಕಾಪಾಡಬೇಕಾದ ಬಗೆಯನ್ನು ಅಲ್ಲಿ ವಿಚಾರಿಸಿದ್ದಾರೆ. ಪೆಟ್ಟಿಗೆಯೊಳಗಣ ಬಂಗಾರವನ್ನು ಒಪ್ಪಿಸುವಾಗ ನಾವು ತೂಕ ನೋಡುತ್ತೇವೆ, ಸಾಕ್ಷಿ ಕರೆಯುತ್ತೇವೆ, ಹಿಂದಿರುಗಿಸುವ ದಿನವನ್ನು ಮಾತಾಡುತ್ತೇವೆ. ಉಸಿರಾಡುವ ಜೀವವನ್ನು ಒಪ್ಪಿಸುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಓಡುತ್ತೇವೆ.

ಒಪ್ಪಿಸುವ ರೀತಿಯನ್ನು ತಿಳಿಯಬೇಕಾದರೆ ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕವನ್ನು ನೋಡಬೇಕು. ನಮ್ಮ ಬಸವಪ್ಪ ಶಾಸ್ತ್ರಿಗಳು ಕನ್ನಡಿಸಿದ ಈ ನಾಟಕವನ್ನು ಹಿಂದಿನ ತಲೆಮಾರಿನವರು ಬಾಯಿಪಾಠ ಮಾಡುತ್ತಿದ್ದರು. ಗಂಡನ ಮನೆಗೆ ಹೊರಟ ಶಕುಂತಲೆಯು ತಾನು ಬೆಳೆಸಿದ ಬಳ್ಳಿಯನ್ನು ಗೆಳತಿಯರ ಕೈಗೆ ಒಪ್ಪಿಸುತ್ತಾಳೆ. ಬಸಿರಿನ ಭಾರದಿಂದ ಎಲೆಮನೆಯ ಬಳಿ ಮೆಲ್ಲನೆ ನಡೆಯುವ ಹೆಣ್ಣುಜಿಂಕೆಯನ್ನು ತೋರಿಸಿ, ಅದು ಸುಖವಾಗಿ ಈದಾಗ ತನಗೆ ಸುದ್ದಿ ಕಳುಹಿಸಬೇಕೆಂದು ತಂದೆಯನ್ನು ಬೇಡುತ್ತಾಳೆ. ತಾಯಿಯಿಲ್ಲದೆ ತನ್ನ ಕೈಯಲ್ಲಿಯೇ ಬೆಳೆದ ಮರಿಯು ಸೆರಗನ್ನು ಹಿಡಿದೆಳೆಯಲು, ಇನ್ನು ಮುಂದೆ ತಂದೆಯು ನಿನ್ನನ್ನು ನೋಡಿಕೊಳ್ಳುವನೆಂದು ಅದಕ್ಕೆ ಹೇಳುತ್ತಾಳೆ. ಯಾವುದನ್ನು, ಯಾರಿಗೆ, ಯಾವ ಸುದ್ದಿ ಬರಬೇಕು, ಈ ಮೂರೂ ಅಲ್ಲಿವೆ. ಕಣ್ಣೀರಿನ ನಡುವೆಯೂ ಆಕೆಯು ಮರೆಯದಿದ್ದುದನ್ನು, ಆ ಅಂಕವನ್ನು ಅನೇಕ ಸಲ ಪಾಠ ಹೇಳಿದ ನಾನು ಕೀಲಿಕೈ ತಿರುಗಿಸುವಾಗ ಮರೆತೆನು.

ಒಪ್ಪಿಸಿಕೊಂಡವನ ಕರ್ತವ್ಯವೇನೆಂಬುದಕ್ಕೆ ಕನ್ನಡ ನಾಡಿನದೇ ಆದ ಒಂದು ಕಲ್ಲು ಸಾಕ್ಷಿಯಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿ, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಶಾಸನವು ಕ್ರಿ.ಶ. 950ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಏನು ಬೇಕೆಂದು ಗಂಗರ ಬೂತುಗನು ಕೇಳಿದಾಗ, ಅವನು ಬೇಡಿದ್ದು ಕಾಳಿಯೆಂಬ ಒಂದು ನಾಯಿಯನ್ನು. ಆ ಕಾಳಿಯು ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗಾಗಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಡಿಸಿ ಭೂಮಿಯನ್ನು ದತ್ತಿ ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಆ ಕಲ್ಲನ್ನು ಪೂಜಿಸದೆ ಊಟಮಾಡಿದರೆ ನಾಯಿಯ ಪಾಪವು ಅವನಿಗೆ ತಟ್ಟುವುದೆಂದು ಶಾಸನವು ವಿಧಿಸುತ್ತದೆ. ಸತ್ತ ನಾಯಿಯ ಕಲ್ಲಿಗೆ ಸಲ್ಲಬೇಕಾದದ್ದು ಸಂದ ಮೇಲೆಯೇ ಪಾಲಕನ ಊಟವೆಂದು ಸಾವಿರ ವರ್ಷಗಳಿಗೂ ಹಿಂದೆ ಕಟ್ಟುಮಾಡಿದ ನಾಡು ಇದು. ಬದುಕಿರುವ ನಾಯಿಯ ಪಾಲಕನಿಗೂ ಇದೇ ಕಟ್ಟು ಸಲ್ಲಬೇಡವೆ? ಆ ಪಾಲಕನಿಗೆ ದತ್ತಿಯಾಗಿ ಭೂಮಿಯನ್ನು ಕೊಟ್ಟಿದ್ದರೆಂಬುದನ್ನೂ ಗಮನಿಸತಕ್ಕದ್ದು. ಪುಕ್ಕಟೆಯಾಗಿ ಹೇಳಿದ ಕೆಲಸ ಪುಕ್ಕಟೆಯಾಗಿಯೇ ನಡೆಯುತ್ತದೆ.

ಇನ್ನು ಆಕ್ಷೇಪಣೆಗಳಿಗೆ ಬರೋಣ. ಬೀದಿಯ ನಾಯಿಗಳು ಇದೇ ಚಳಿಯಲ್ಲಿ ಬದುಕುವುದಿಲ್ಲವೆ, ಸಾಕಿದ ನಾಯಿಗೆ ಮಾತ್ರ ಈ ಉಪಚಾರವೇಕೆ, ಎಂಬುದು ಮೊದಲನೆಯದು. ಬೀದಿನಾಯಿಗೆ ತನ್ನ ಜಾಗವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ. ಅದು ಬೂದಿಯ ಗುಂಡಿಯಲ್ಲಿ ಮಲಗುತ್ತದೆ, ಹುಲ್ಲಿನ ಬಣವೆಯ ಮರೆಯನ್ನು ಹಿಡಿಯುತ್ತದೆ, ನಾಲ್ಕಾರು ಸೇರಿ ಒಂದಕ್ಕೊಂದು ಒತ್ತಿಕೊಂಡು ಬೆಚ್ಚಗಿರುತ್ತವೆ, ಬೆಳಗಾದರೆ ಬಿಸಿಲಿಗೆ ಸರಿಯುತ್ತವೆ. ಹಾಗಿದ್ದರೂ ಎಷ್ಟೋ ಮರಿಗಳು ಚಳಿಗೆ ಸಾಯುತ್ತವೆ. ಸರಪಳಿಯ ನಾಯಿಗೆ ಈ ಯಾವ ಉಪಾಯವೂ ಇಲ್ಲ. ಅದರ ಲೋಕವು ಸರಪಳಿಯಷ್ಟೇ ಉದ್ದ. ಆರಿಸಿಕೊಳ್ಳುವ ಶಕ್ತಿಯನ್ನು ನಾವು ಕಸಿದುಕೊಂಡಿರುವುದರಿಂದ ಅದಕ್ಕಾಗಿ ಆರಿಸುವ ಹೊಣೆಯೂ ನಮ್ಮದೇ ಆಯಿತು.

ಮನುಷ್ಯರೇ ಚಳಿಯಲ್ಲಿ ನಡುಗುತ್ತಿರುವಾಗ ನಾಯಿಯ ಮಾತೇಕೆಂಬುದು ಎರಡನೆಯ ಆಕ್ಷೇಪಣೆ. ಇದು ತೂಕವುಳ್ಳ ಮಾತು. ಬಸ್‌ನಿಲ್ದಾಣದಲ್ಲಿ ಮಲಗಿರುವವರನ್ನು ಕಂಡವರಾರೂ ಇದನ್ನು ತಳ್ಳಿಹಾಕಲಾರರು. ಆದರೆ ನಾಯಿಗೆ ಹಾಸುವ ಹಳೆಯ ಗೋಣಿಯಿಂದ ಯಾವ ಮನುಷ್ಯನ ಹೊದಿಕೆಯೂ ಕಡಮೆಯಾಗುವುದಿಲ್ಲ. ಮಹಾಪ್ರಸ್ಥಾನಿಕ ಪರ್ವದಲ್ಲಿ ಇಂಥದೇ ಪ್ರಶ್ನೆಯನ್ನು ಇಂದ್ರನು ಧರ್ಮರಾಯನಿಗೆ ಹಾಕುತ್ತಾನೆ: ತಮ್ಮಂದಿರನ್ನೂ ದ್ರೌಪದಿಯನ್ನೂ ಬಿಟ್ಟು ಬಂದವನು ಒಂದು ನಾಯಿಯನ್ನು ಬಿಡಲಾರೆಯಾ? ಸತ್ತವರನ್ನು ಬದುಕಿಸುವುದು ತನ್ನ ಕೈಯಲ್ಲಿರಲಿಲ್ಲ, ಅವರು ಬದುಕಿದ್ದಾಗ ತಾನು ಬಿಡಲಿಲ್ಲ, ತನ್ನನ್ನು ನಂಬಿ ಬಂದ ಜೀವವನ್ನು ಈಗ ಬಿಡಲಾರೆ ಎಂಬುದು ಅವನ ಉತ್ತರದ ತಾತ್ಪರ್ಯ. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ್ದರಿಂದ ಈ ಪ್ರಸಂಗವು ಅವನ ಕಾವ್ಯದಲ್ಲಿಲ್ಲ. ಹಿಮಾಲಯದ ಚಳಿಯಲ್ಲಿ ನಡೆದ ಆ ಪರೀಕ್ಷೆಯು ಪಾಂಡವರ ಕಥೆಯ ಕೊನೆಗೆ ಬಂದಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ನಾಯಿಗೆ ಮೈತುಂಬ ಕೂದಲಿರುವುದರಿಂದ ಚಳಿಯು ತಟ್ಟದೆಂಬುದು ಮೂರನೆಯ ಮಾತು. ಇದು ಅರ್ಧಸತ್ಯ. ನಾಯಿಯ ಸಹಜ ದೇಹೋಷ್ಣತೆಯು ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಮಗಿಂತ ಹೆಚ್ಚು. ಆ ಕಾವನ್ನು ಉಳಿಸಿಕೊಳ್ಳಲು ದಟ್ಟ ಕೂದಲೂ ಚರ್ಮದ ಕೆಳಗೆ ಕೊಬ್ಬೂ ಬೇಕು. 2005ರಲ್ಲಿ ಭಾರತೀಯ ಅಂಚೆಯ ಚೀಟಿಯ ಮೇಲೆ ಮೆರೆದ ನಮ್ಮ ಮುಧೋಳದ ನಾಯಿಯನ್ನೇ ನೋಡಿರಿ: ಓಟಕ್ಕಾಗಿ ಹುಟ್ಟಿದ ಮೈ, ತೆಳು ಚರ್ಮ, ಗಿಡ್ಡ ಕೂದಲು, ಕೊಬ್ಬೆಂಬುದೇ ಇಲ್ಲ. ಬಯಲಿನಲ್ಲಿ ಮೊಲವನ್ನು ಬೆನ್ನಟ್ಟುವ ವೀರನು ತಣ್ಣನೆಯ ಕಲ್ಲಿನ ಮೇಲೆ ಕಟ್ಟುಬಿದ್ದರೆ ಬೇಗನೆ ಸೋಲುತ್ತಾನೆ. ಎಳೆಯ ಮರಿಗಳಿಗಂತೂ ಹುಟ್ಟಿದ ಮೊದಲ ವಾರಗಳಲ್ಲಿ ಮೈಯ ಕಾವನ್ನು ತಾವೇ ಕಾಪಾಡಿಕೊಳ್ಳುವ ಶಕ್ತಿಯಿರುವುದಿಲ್ಲ. ಮುದಿನಾಯಿಗೆ ಕೀಲುನೋವು ಹೆಚ್ಚುತ್ತದೆ. ಒದ್ದೆಯಾದ ಮೈಯೂ ಬೀಸುವ ಗಾಳಿಯೂ ಕೂಡಿದರೆ ನಮ್ಮ ಸೀಮೆಯ ಚಳಿಯೇ ಸಾಕು, ಹಿಮ ಬೀಳಬೇಕಾಗಿಲ್ಲ. ಮೊದಲು ನಡುಕ, ಆಮೇಲೆ ಜಡತ್ವ, ಕೊನೆಗೆ ನಡುಕವೇ ನಿಲ್ಲುವುದು. ಆ ಹಂತಕ್ಕೆ ಬಂದ ನಾಯಿಯನ್ನು ಬೆಂಕಿಯ ಮುಂದೆ ಹಿಡಿಯದೆ, ಮೈಯೊರಸಿ, ಒಣ ಕಂಬಳಿಯಲ್ಲಿ ಸುತ್ತಿ, ಬಿಸಿನೀರಿನ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟು, ಮೆಲ್ಲಮೆಲ್ಲನೆ ಕಾವೇರಿಸುತ್ತ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಮರುವರ್ಷ ಮೊಮ್ಮಗನ ತೊಟ್ಟಿಲಕಾರ್ಯವೂ ಚಳಿಗಾಲದಲ್ಲಿಯೇ ಬಂದಿತು. ಆಗ ಮಾಡಿದ ಏರ್ಪಾಡನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಮೊದಲನೆಯದಾಗಿ, ಹಿಂದಿನ ಓಣಿಯ ಅದೇ ಮುದುಕಿಯನ್ನೂ ಅವಳ ಮಗನನ್ನೂ ಹದಿನೈದು ದಿನ ಮೊದಲೇ ಕಂಡು ಮಾತಾಡಿದೆನು. ಮಗನು ರಾತ್ರಿ ನಮ್ಮ ಪಡಸಾಲೆಯಲ್ಲಿ ಮಲಗುವುದೆಂದೂ, ಅದಕ್ಕಾಗಿ ಇಷ್ಟು ಹಣವೆಂದೂ ಗೊತ್ತಾಯಿತು. ನಾಯಿಗೆ ಪರಿಚಿತರು ತನ್ನ ಮನೆಯಲ್ಲಿಯೇ ಬಂದಿರುವುದು ಉತ್ತಮ ಪಕ್ಷ. ಪರಿಚಿತರ ಮನೆಗೆ ಅದನ್ನು ಕಳುಹಿಸುವುದು ಮಧ್ಯಮ. ಹಣ ತೆಗೆದುಕೊಂಡು ನಾಯಿಗಳನ್ನು ಇರಿಸಿಕೊಳ್ಳುವ ಗೃಹಗಳು ಈಗ ದೊಡ್ಡ ನಗರಗಳಲ್ಲಿವೆ, ಬೇರೆ ಗತಿಯಿಲ್ಲದಿದ್ದಾಗ ಅವೂ ಆಗಬಹುದು. ಆದರೆ ಅಲ್ಲಿಗೆ ಬಿಡುವ ಮುನ್ನ ಒಮ್ಮೆ ಕಣ್ಣಾರೆ ನೋಡಬೇಕು: ರಾತ್ರಿ ಅಲ್ಲಿ ಮನುಷ್ಯರಿರುತ್ತಾರೆಯೆ, ನೆಲವು ಬರಿಯ ಸಿಮೆಂಟೆ, ಹಾಸಿಗೆಯುಂಟೆ, ಬಂದ ನಾಯಿಗಳಿಗೆಲ್ಲ ಹುಚ್ಚುರೋಗ ಮೊದಲಾದವುಗಳ ಲಸಿಕೆಯಾಗಿದೆಯೆಂದು ವಿಚಾರಿಸಿ ಸೇರಿಸಿಕೊಳ್ಳುವರೆ? ವಿಚಾರಿಸದೆ ಸೇರಿಸಿಕೊಳ್ಳುವ ಗೃಹಕ್ಕೆ ನಮ್ಮ ನಾಯಿಯನ್ನು ಕೊಡಬಾರದು.

ಎರಡನೆಯದಾಗಿ, ಹೊರಡುವ ಮುನ್ನವೇ ಎರಡು ರಾತ್ರಿ ಆ ಯುವಕನು ಬಂದು ಮಲಗಿದನು; ನಾವು ಇರುವಾಗಲೇ ಅವನ ಕೈಯಿಂದ ಕರಿಯನು ಅನ್ನ ತಿಂದನು. ಒಡೆಯನು ಕಣ್ಮರೆಯಾದ ದಿನವೇ ಹೊಸ ಕೈಯನ್ನು ಕಂಡರೆ ನಾಯಿಯು ಉಪವಾಸ ಬೀಳುವುದುಂಟು, ಕಚ್ಚುವುದೂ ಉಂಟು. ಮೂರನೆಯದು ಮಲಗುವ ಜಾಗ. ಪಡಸಾಲೆಯ ಮೂಲೆಯಲ್ಲಿ, ಗಾಳಿಗೆ ಬೆನ್ನಾಗಿ, ನೆಲದಿಂದ ಗೇಣುದ್ದ ಎತ್ತರಕ್ಕೆ ಹಳೆಯ ಮಣೆಯನ್ನಿಟ್ಟು, ಅದರ ಮೇಲೆ ಒಣಹುಲ್ಲು ತುಂಬಿದ ಗೋಣಿ, ಅದರ ಮೇಲೆ ಹರಿದ ಕಂಬಳಿ. ಒದ್ದೆಯಾದರೆ ಬದಲಿಸಲು ಇನ್ನೊಂದು ಗೋಣಿಯು ಸಿದ್ಧವಾಗಿದ್ದಿತು. ಮಡಿಯ ಮನೆಗಳವರು ಒಳಗೆ ಬರಗೊಡದಿದ್ದರೆ ದನದ ಕೊಟ್ಟಿಗೆಯ ಒಣ ಮೂಲೆಯಾದರೂ ಸಾಕು. ದನಗಳ ಉಸಿರಿನಿಂದ ಅಲ್ಲಿ ಬೆಚ್ಚಗಿರುತ್ತದೆ. ನೀರನ್ನು ಉರುಳದ ಕಲ್ಲಿನ ದೋಣಿಯಲ್ಲಿ, ಹಾಸಿಗೆಯಿಂದ ದೂರವಿಡಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನು ಇಡಲೇಕೂಡದು; ಅದರ ವಿಷವಾಯುವಿಗೆ ವಾಸನೆಯಿಲ್ಲ; ನಾಯಿಯ ಜೊತೆಗೆ ಮಲಗಿದ ಮನುಷ್ಯನೂ ಏಳುವುದಿಲ್ಲ. ಚಳಿಯಲ್ಲಿ ಮೈಗೆ ಕಾವು ಬೇಕಾದುದರಿಂದ ಹೊರಗಿರುವ ನಾಯಿಗೆ ಅನ್ನವನ್ನು ಸ್ವಲ್ಪ ಹೆಚ್ಚಿಸುವುದು ಯುಕ್ತ. ಹಗಲು ಬಿಸಿಲೇರಿದ ಮೇಲೆ ಅದನ್ನು ತಿರುಗಾಡಿಸಿ ತರಬೇಕು.

ನಾಲ್ಕನೆಯದು ಒಂದು ಚೀಟಿ. ಅದರಲ್ಲಿ ಊಟದ ಹೊತ್ತು, ಅಳತೆ, ಕೊಡಬಾರದ ಪದಾರ್ಥಗಳು, ಪಶುವೈದ್ಯರ ದೂರವಾಣಿ ಸಂಖ್ಯೆ, ನನ್ನ ಸಂಖ್ಯೆ, ನಾನು ಮರಳುವ ದಿನ, ಎಲ್ಲವನ್ನೂ ಬರೆದೆನು. ಮನುಷ್ಯರ ಜ್ವರದ ಮಾತ್ರೆಯನ್ನು ಎಂದಿಗೂ ಕೊಡಬಾರದೆಂದು ಕೆಂಪು ಶಾಯಿಯಲ್ಲಿ ಬರೆದೆನು. ನಮಗೆ ಔಷಧವಾದದ್ದು ನಾಯಿಗೆ ವಿಷವಾಗಬಹುದು. ಕಡೆಯ ಸಾಲು ಹೀಗಿದ್ದಿತು: “ನಾನು ಹೇಳಿದ ದಿನ ಬಾರದಿದ್ದರೆ, ಬರುವವರೆಗೂ ಹೀಗೆಯೇ ನಡೆಯತಕ್ಕದ್ದು, ನಿಮಗೆ ಊರಿಗೆ ಹೋಗಬೇಕಾದರೆ ನನಗೆ ತಿಳಿಸಿ, ಇಂಥವರಿಗೆ ಒಪ್ಪಿಸಿ ಹೋಗತಕ್ಕದ್ದು.” ಆ ‘ಇಂಥವರು’ ಯಾರೆಂದರೆ, ಹಿಂದಿನ ವರ್ಷ ನಾನು ಗದರಿಸಿದ ಹುಡುಗ. ಅವನೇ ಆ ಸಾಲನ್ನು ನನಗೆ ಕಲಿಸಿದವನಾದ್ದರಿಂದ ಚೀಟಿಯನ್ನು ಮೊದಲು ಅವನಿಗೆ ಓದಿ ಹೇಳಿದೆನು. ಕೀಲಿಕೈಯು ಈ ಸಲ ಅವರ ಮನೆಯ ಗೂಟದ ಮೇಲಿದ್ದಿತು. ದಿನವೂ ಸಂಜೆ ಬೀಗರೆದುರಿಗೇ ಕುಳಿತು ನಾಯಿಯ ಕ್ಷೇಮಸಮಾಚಾರವನ್ನು ಕೇಳಿದೆನು. ಬೀಗರು ನಗಲಿಲ್ಲ; ಮೂರನೆಯ ದಿನ ಅವರೇ ಮೊದಲು, “ಕರಿಯ ಹ್ಯಾಂಗದಾನ್ರಿ?” ಎಂದರು.

ಇಷ್ಟೆಲ್ಲವೂ ಇಷ್ಟವಿದ್ದವರ ಔದಾರ್ಯಕ್ಕೆ ಬಿಟ್ಟ ಸಂಗತಿಯೆಂದು ಭಾವಿಸಬೇಕಾಗಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯ 11ನೆಯ ಕಲಮು, ಒಡೆಯನಾದವನು ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಶ್ರಯಗಳನ್ನು ಒದಗಿಸದಿರುವುದನ್ನೂ, ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಹೆಚ್ಚು ಹೊತ್ತು ಕಟ್ಟಿಡುವುದನ್ನೂ, ಹಸಿವು ಬಾಯಾರಿಕೆಗಳಿಗೆ ಈಡಾಗುವಂತೆ ತೊರೆದು ಹೋಗುವುದನ್ನೂ ಅಪರಾಧವೆಂದು ಎಣಿಸಿದೆ. 1976ರ ತಿದ್ದುಪಡಿಯಿಂದ ನಮ್ಮ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳಲ್ಲಿ ಅನುಕಂಪವಿರಬೇಕೆಂಬುದೂ ಒಂದು. ಆ ಕಾಯಿದೆಯನ್ನು ಓದಿದ ದಿನ, ಅದರಲ್ಲಿ ಹೇಳಿದ ತಪ್ಪುಗಳಲ್ಲಿ ಎರಡನ್ನಾದರೂ ಒಬ್ಬ ಕನ್ನಡ ಪಂಡಿತನು ಏಳು ದಿನಗಳಲ್ಲಿ ಮಾಡಿ ಮುಗಿಸಿದ್ದನೆಂದು ನನಗೆ ತಿಳಿಯಿತು.

ಕರಿಯನು ಆ ಬಳಿಕ ಮೂರು ವರ್ಷ ಬದುಕಿ, ಮುಪ್ಪಿನಿಂದ, ಕಂಬಳಿಯ ಮೇಲೆಯೇ ಸತ್ತನು. ಆದರೆ ಆ ಮೂರು ವರ್ಷಗಳಲ್ಲಿಯೂ ಅಟ್ಟದಿಂದ ಪ್ರಯಾಣದ ಪೆಟ್ಟಿಗೆಯನ್ನು ಇಳಿಸಿದಾಗಲೆಲ್ಲ ಅವನು ಎದ್ದು ಹೋಗಿ ಹಿತ್ತಿಲಿನ ಆ ಕಂಬದ ಬುಡದಲ್ಲಿ ಮಲಗಿಬಿಡುತ್ತಿದ್ದನು. ಸರಪಳಿಯನ್ನು ನಾನು ಎಂದೋ ತೆಗೆದುಹಾಕಿದ್ದೆನು. ಕರೆದರೆ ಬರುತ್ತಿದ್ದನು, ಬಾಲವಾಡಿಸುತ್ತಿದ್ದನು, ಮರೆತಿರಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ರಜೆಗೆ ನೀವು ನಿಮ್ಮ ಊರುಗಳಿಗೆ ಹೋಗುತ್ತೀರಿ. ಅಲ್ಲಿಂದ ತಂದೆತಾಯಿಗಳೊಡನೆ ಜಾತ್ರೆಗೋ ಮದುವೆಗೋ ಹೊರಡುತ್ತೀರಿ. ಗಾಡಿಯಾಗಲಿ ಬಸ್ಸಾಗಲಿ ಹೊರಡುವ ಮುನ್ನ, ಹಿತ್ತಿಲಲ್ಲಿ ಒಂದು ನಾಯಿಯಿದ್ದರೆ, ಹಿರಿಯರನ್ನು ವಿನಯದಿಂದ ಕೇಳಿರಿ: ಇದನ್ನು ಯಾರಿಗೆ ಒಪ್ಪಿಸಿದ್ದೀರಿ, ರಾತ್ರಿ ಎಲ್ಲಿ ಮಲಗುತ್ತದೆ, ಕೀಲಿಕೈ ಯಾರಲ್ಲಿದೆ, ಐದನೆಯ ದಿನ ಯಾರು ಬರುತ್ತಾರೆ? ಹಿರಿಯರು ಮೊದಲು ಸಿಟ್ಟಾದಾರು. ನಾನೂ ಸಿಟ್ಟಾಗಿದ್ದೆನು. ಆದರೂ ಕೇಳಿರಿ.